ಮೀನಿನ ಸರ್ವೆ ಲೆಕ್ಕ ಯಾರಿಗೆ, ಎಷ್ಟು ಕೊಡಬೇಕು? ನಿಯಮ ಬರೆಯಲು ಕೂತಿದ್ದೇನೆ, ಸಲಹೆ ಬೇಕು

ಕಾಫಿಕಣ, ಸುಂಟಿಕೊಪ್ಪ

ಎಲ್ಲರಿಗೂ ನಮಸ್ಕಾರ. ಕೊಡಗಿನಲ್ಲಿ ಕೂತು ಕಡಲ ಮೀನಿನ ಪ್ರಶ್ನೆ ಯಾಕೆ ಎಂದು ನಿಮಗೆ ಅನ್ನಿಸಬಹುದು. ನಾನು 4 ವರ್ಷ ಕರಾವಳಿಯ ಸಣ್ಣ ದಕ್ಕೆಗಳಲ್ಲಿ ಮೀನಿನ ಸರ್ವೆ ಮಾಡಿದವಳು. ದೋಣಿ ಬರುವ ಹೊತ್ತಿಗೆ ದಡದಲ್ಲಿ ನಿಂತು ಬುಟ್ಟಿ ಎಣಿಸುವುದು, ಬಂಗುಡೆ, ಬೂತಾಯಿ, ಕೊಡ್ಡಾಯಿ ಬೇರೆ ಬೇರೆ ಮಾಡಿ ತೂಗುವುದು, ಕೆಲವನ್ನು ಹಲಗೆಯ ಮೇಲಿಟ್ಟು ಉದ್ದ ಅಳೆಯುವುದು, ಎಷ್ಟು ಮಾರು (ಎರಡು ಕೈ ಚಾಚಿದಷ್ಟು ಅಳತೆ) ನೀರಿನಲ್ಲಿ ಬಲೆ ಬಿಟ್ಟಿರಿ, ಎಷ್ಟು ಹೊತ್ತು ಬಿಟ್ಟಿರಿ ಎಂದು ಕೇಳಿ ಬರೆದುಕೊಳ್ಳುವುದು. ಅಪ್ಪನಿಗೆ ಹುಷಾರು ತಪ್ಪಿದ ಮೇಲೆ ಊರಿಗೆ ಬಂದೆ. ಈಗ ಅದೇ ತಂಡದ ಲೆಕ್ಕವನ್ನು ಮನೆಯಿಂದಲೇ ನೋಡಿಕೊಳ್ಳುತ್ತೇನೆ.

ತಂಡ ಚಿಕ್ಕದು, ಆರು ಜನ. ಮೂರು ದಕ್ಕೆ. ಅವುಗಳ ಹೆಸರನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಇಷ್ಟು ದಿನ ನಮ್ಮ ಹತ್ತಿರ ಲೆಕ್ಕ ಕೇಳಲು ಯಾರೂ ಬರುತ್ತಿರಲಿಲ್ಲ. ಈ ವರ್ಷ ಐದು ಕಡೆಯಿಂದ ಕೇಳಿದ್ದಾರೆ. ಒಬ್ಬಳು ಕಾಲೇಜು ಹುಡುಗಿಗೆ ಬಂಗುಡೆಯ ಉದ್ದ ಮತ್ತು ತೂಕ ಬೇಕು. ಮೀನು ರಫ್ತು ಮಾಡುವವರೊಬ್ಬರಿಗೆ ಕಪ್ಪೆ ಬೊಂಡಾಸ್ (ಕಟಲ್‌ಫಿಶ್) ಯಾವ ದಿನ ಎಲ್ಲಿ ಎಷ್ಟು ಬಿತ್ತು ಎಂಬ ದಿನದ ಲೆಕ್ಕ ಬೇಕು. ಒಂದು ಇಲಾಖೆಗೆ ಎಲ್ಲವೂ ಬೇಕು, ಯಾಕೆ ಎಂದು ಹೇಳಿಲ್ಲ. ಇನ್ನೊಂದು ಸಂಶೋಧನಾ ಗುಂಪಿಗೆ ನಕ್ಷೆಗೆ ಹಾಕಲು ಜಾಗದ ಗುರುತು ಬೇಕು. ಐದನೆಯವರು ಅಲ್ಲಿನ ಮೀನುಗಾರರ ಸಹಕಾರ ಸಂಘದವರೇ. ನಿಜ ಹೇಳಬೇಕೆಂದರೆ ಅವರಿಗೆ ನಾವು ಒಂದು ಹಾಳೆಯನ್ನೂ ಇದುವರೆಗೆ ಕೊಟ್ಟಿಲ್ಲ. ಇದನ್ನು ಬರೆಯುವಾಗ ನನಗೆ ತುಂಬಾ ನಾಚಿಕೆ ಆಗುತ್ತಿದೆ.

ಹಾಗಾಗಿ ಯಾರಿಗೆ ಏನು ಕೊಡಬೇಕು ಎಂದು ಒಂದು ನಿಯಮ ಬರೆಯೋಣ ಎಂದಾಯಿತು. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎರಡು ವಾರ ಆಯಿತು, ಮೊದಲ ಪುಟ ದಾಟಿಲ್ಲ. ಯಾಕೆ ಎಂದು ಹೇಳುತ್ತೇನೆ.

ಅಲ್ಲಿ ಒಬ್ಬರು ಹಿರಿಯರಿದ್ದರು, ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಸಣ್ಣ ನಾಡದೋಣಿ, ಜೊತೆಗೆ ಮಗ ಒಬ್ಬನೇ. ಮೊದಲ ವರ್ಷ ನನ್ನ ಪುಸ್ತಕ ಕಂಡರೆ ಮುಖ ತಿರುಗಿಸುತ್ತಿದ್ದರು. ಎರಡನೇ ವರ್ಷ ಒಂದು ದಿನ ಅವರೇ ಕರೆದು ದೋಣಿ ಹತ್ತಿಸಿದರು. ದಡದಿಂದ ಸ್ವಲ್ಪ ದೂರ ಹೋಗಿ ಎಂಜಿನ್ ನಿಲ್ಲಿಸಿದರು. ಗುಡ್ಡದ ಕಡೆ ಕೈ ಮಾಡಿ, ‘ಆ ಟವರ್ ಇದೆಯಲ್ಲ, ಅದು ದೇವಸ್ಥಾನದ ಗೋಪುರದ ನೆತ್ತಿಗೆ ಸರಿಯಾಗಿ ಬರಬೇಕು. ಅಪ್ಪನ ಕಾಲದಲ್ಲಿ ಅಲ್ಲಿ ಟವರ್ ಇರಲಿಲ್ಲ, ದೊಡ್ಡ ಆಲದ ಮರ ಇತ್ತು. ಈ ಕಡೆ ಅಳಿವೆಯ ಬಾಯಿ ಪೂರ್ತಿ ತೆರೆದು ಕಾಣಬೇಕು. ಆಗ ನಮ್ಮ ಕೆಳಗೆ ಕಲ್ಲು’ ಎಂದರು. ಗಾಳದ ಹಗ್ಗ ಬಿಟ್ಟರು. 7 ಮಾರು. ಸ್ವಲ್ಪ ಹೊತ್ತಿಗೇ ಎರಡು ಮುರು ಮೀನು. ಆ ಕಲ್ಲು ಅವರಿಗೆ ಅಪ್ಪನಿಂದ ಬಂದದ್ದು, ನಮ್ಮಲ್ಲಿ ಗದ್ದೆ ಬರುವ ಹಾಗೆ. ‘ಬರೆದುಕೋ ಮಗಾ, ನಿನ್ನ ಓದಿಗೆ ಬೇಕಾಗುತ್ತದೆ. ಆದರೆ ಬೇರೆಯವರಿಗೆ ಬೇಡ’ ಎಂದರು. ಆಯಿತು ಅಣ್ಣ ಎಂದೆ. ಜಿಪಿಎಸ್‌ನಲ್ಲಿ ಬಂದ ಅಂಕಿಗಳನ್ನು ಹಾಗೆ ಹಾಗೇ ಬರೆದುಕೊಂಡೆ, ದಶಮಾಂಶದ ನಂತರ ಐದು ಸ್ಥಾನ.

ಮುಂದಿನ ವರ್ಷ ನಮ್ಮ ತಂಡದಿಂದ ಇಡೀ ಹಾಳೆ ಇನ್ನೊಂದು ಗುಂಪಿಗೆ ಹೋಯಿತು. ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ. ಅವರು ಅದನ್ನು ಯಾರು ಬೇಕಾದರೂ ನೋಡುವಂಥ ನಕ್ಷೆಗೆ ಹಾಕಿದರು. ಚುಕ್ಕಿ ಮುಟ್ಟಿದರೆ ಆಳ, ಮೀನಿನ ಹೆಸರು, ತೂಕ ಎಲ್ಲ ತೆರೆದುಕೊಳ್ಳುತ್ತಿತ್ತು. ಆ ಹಂಗಾಮಿನಲ್ಲಿ ಕಲ್ಲಿನ ಹತ್ತಿರ ಹೊರಗಿನ ದೊಡ್ಡ ಬೋಟುಗಳು ಬಂದವು. ರಾತ್ರಿ ಲೈಟ್ ಹಾಕಿಕೊಂಡು ಹಿಡಿದರು. ಲೈಟ್ ಹಾಕಿ ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ, ಆದರೂ ಬಂದರು. ಅಣ್ಣನ ಬಲೆ ಎರಡು ಸಲ ತುಂಡಾಯಿತು. ನಕ್ಷೆ ನೋಡಿಯೇ ಬಂದರು ಎಂದು ನಾನು ಸಾಬೀತು ಮಾಡಲಾರೆ. ಆದರೆ ಅವರು ಹಾಗೇ ನಂಬಿದ್ದಾರೆ. ಆಮೇಲೆ ನನ್ನ ಜೊತೆ ಮಾತು ಬಿಟ್ಟರು. ಅದಕ್ಕಿಂತ ಹೆಚ್ಚಾಗಿ ಇಡೀ ದಕ್ಕೆಯಲ್ಲಿ ಉತ್ತರಗಳೇ ಬದಲಾದವು. ‘ಎಲ್ಲಿ ಬಲೆ ಬಿಟ್ಟಿರಿ’ ಎಂದರೆ ಎಲ್ಲರೂ ‘ಅಲ್ಲೇ ಹೊರಗೆ’ ಎನ್ನುತ್ತಾರೆ. ಆ ವರ್ಷದ ನಂತರದ ಜಾಗದ ಲೆಕ್ಕವನ್ನು ನಾನೇ ನಂಬುವುದಿಲ್ಲ.

ನೋಡಿದ ಮಾದರಿ ನಿಯಮಗಳಲ್ಲೆಲ್ಲ ಮೊದಲು ಬರುವುದು ಲೆಕ್ಕದ ಮಾಲೀಕರು ಯಾರು, ಕೇಳುವವರು ಯಾವ ಫಾರಂ ತುಂಬಬೇಕು, ಲೇಖನದಲ್ಲಿ ಯಾರ ಹೆಸರು ಬರಬೇಕು ಎಂಬುದು. ದೋಣಿಯಲ್ಲಿ ಕೂತು ‘ಆಯಿತು ಅಣ್ಣ’ ಎಂದೆನಲ್ಲ, ಆ ಮಾತಿಗೆ ಅಲ್ಲಿ ಜಾಗವೇ ಇಲ್ಲ. ನನ್ನ ಮನಸ್ಸಿನಲ್ಲಿ ಇಡೀ ನಿಯಮ ಅಲ್ಲಿಂದಲೇ ಶುರುವಾಗಬೇಕು. ಹೇಗೆ ಬರೆಯಲಿ? ಎಲ್ಲ ಮುಚ್ಚಿಟ್ಟರೆ ಸರ್ವೆ ಮಾಡಿ ಏನು ಪ್ರಯೋಜನ? ಎಲ್ಲ ತೆರೆದರೆ ಹೀಗಾಗುತ್ತದೆ. ನಿಮ್ಮಲ್ಲಿ ಕೆಲವರು ಮಳೆ ಲೆಕ್ಕ, ಹಕ್ಕಿ ಲೆಕ್ಕ, ಹೊಳೆ ಮೀನಿನ ಲೆಕ್ಕ ಇಟ್ಟವರಿದ್ದೀರಿ. ನಿಮ್ಮ ಅನುಭವ ಹೇಳಿ.

ಮಳೆಪುಸ್ತಕ, ನಾಪೋಕ್ಲು

ತಂಗೀ, ನಿಮ್ಮ ಬರಹ ಎರಡು ಸಲ ಓದಿದೆ. ಮೀನಿನ ವಿಷಯ ನನಗೆ ಗೊತ್ತಿಲ್ಲ. ಮಳೆಯದ್ದು ಹೇಳುತ್ತೇನೆ.

ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಮಳೆ ಅಳೆಯುತ್ತೇವೆ. ಬೆಳಗ್ಗೆ ಕಾಫಿ ಕುಡಿಯುವ ಮೊದಲು ಗೇಜ್ ನೋಡಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಬರೆಯಬೇಕು. ಕೊಡಗಿನಲ್ಲಿ ತೋಟ ಇರುವ ಬಹಳ ಮನೆಗಳಲ್ಲಿ ಇಂಥ ಪುಸ್ತಕ ಇದೆ, ನಿಮಗೂ ಗೊತ್ತಿರುತ್ತದೆ. ಹೂಮಳೆ ಬಂದ ದಿನ ಎಲ್ಲರೂ ಫೋನ್ ಮಾಡಿ ‘ನಿಮ್ಮಲ್ಲಿ ಎಷ್ಟು, ನಮ್ಮಲ್ಲಿ ಒಂದು ಇಂಚು ಹತ್ತು ಸೆಂಟ್’ ಎನ್ನುತ್ತೇವೆ. ಇದರಲ್ಲಿ ಗುಟ್ಟಿಲ್ಲ. ಆದರೆ ಅದೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಎಷ್ಟು ಮೂಟೆ ಕಾಫಿ ಆಯಿತು, ಕಾಳುಮೆಣಸು ಎಷ್ಟು, ಎಲ್ಲಿ ಒಣಗಿಸಿದ್ದು ಎಂದಿದೆ. ಅದನ್ನು ಪಕ್ಕದ ಮನೆಯವರಿಗೂ ತೋರಿಸುವುದಿಲ್ಲ. ಕಣದಿಂದ ಮೆಣಸು ಕದ್ದುಕೊಂಡು ಹೋಗುವ ಕಾಲ ಇದು. ಒಂದೇ ಪುಸ್ತಕ, ಮುಂದಿನ ಅರ್ಧ ಊರಿಗೆ, ಹಿಂದಿನ ಅರ್ಧ ಮನೆಗೆ. ನಿಮ್ಮ ಹಾಳೆಯನ್ನೂ ಹಾಗೆ ಎರಡು ಮಾಡಬಹುದಲ್ವಾ? ಕಾಲಂ ಕಾಲಂ ಆಗಿ ನೋಡಿ. ಇಡೀ ಹಾಳೆ ಕೊಡಲೋ ಬೇಡವೋ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ಇನ್ನೊಂದು ಮಾತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ಮಳೆ ಲೆಕ್ಕಕ್ಕೆ ಬೆಲೆ ಬಂತು. ಯಾರೋ ಬಂದು ನಮ್ಮ ಹಳೆಯ ಎರಡು ಪುಸ್ತಕ ತೆಗೆದುಕೊಂಡು ಹೋದರು, ಪ್ರತಿ ಮಾಡಿ ಕೊಡುತ್ತೇವೆ ಎಂದು. ಪುಸ್ತಕವೂ ಬರಲಿಲ್ಲ, ಅದರಿಂದ ಏನು ತಿಳಿಯಿತು ಎಂಬ ಒಂದು ಪತ್ರವೂ ಬರಲಿಲ್ಲ. ಅಜ್ಜನ ಕೈಬರಹ ಅದರಲ್ಲಿತ್ತು. ಈಗ ಯಾರು ಕೇಳಿದರೂ ನಾನು ಹೊರಗೆ ಕೊಡುವುದಿಲ್ಲ, ಬಂದು ಜಗಲಿಯಲ್ಲಿ ಕೂತು ಬರೆದುಕೊಂಡು ಹೋಗಿ ಎನ್ನುತ್ತೇನೆ. ನಿಮ್ಮ ನಿಯಮದಲ್ಲಿ ವಾಪಸ್ ಕೊಡುವುದರ ಬಗ್ಗೆ ಒಂದು ಸಾಲು ಇರಲಿ. ತೆಗೆದುಕೊಂಡವರು ಇಷ್ಟು ತಿಂಗಳೊಳಗೆ ಬಂದು, ಏನು ಕಂಡುಕೊಂಡೆವು ಎಂದು ಹೇಳಬೇಕು.

ಕಡಲಮಗಳು, ಗೋಣಿಕೊಪ್ಪ

ಅಕ್ಕ, ನಾನು ಮಲ್ಪೆ ಕಡೆಯ ಹುಡುಗಿ. ಮದುವೆಯಾಗಿ ಗೋಣಿಕೊಪ್ಪಕ್ಕೆ ಬಂದು 11 ವರ್ಷ. ತವರಿನಲ್ಲಿ ಈಗಲೂ ಕೈರಂಪಣಿ (ದಡದಿಂದ ಕೈಯಲ್ಲಿ ಎಳೆಯುವ ಬಲೆ) ಎಳೆಯುತ್ತಾರೆ. ನಿಮ್ಮ ಅಣ್ಣನ ಕಥೆ ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ಆದರೂ ಒಂದು ವಿರುದ್ಧದ ಮಾತು ಹೇಳಲೇಬೇಕು.

ಎಲ್ಲ ಮುಚ್ಚಬೇಡಿ. ಕಡಲಿನ ಬದಿಯಲ್ಲಿ ದೊಡ್ಡ ಕಟ್ಟೋಣ ಬರುತ್ತದೆ, ಹೂಳೆತ್ತುತ್ತಾರೆ, ಇಲ್ಲವೇ ಎಣ್ಣೆ ಚೆಲ್ಲುತ್ತದೆ. ಆಗ ನಮ್ಮವರು ಹೋಗಿ ‘ಇಲ್ಲಿ ನಾವು ಮೀನು ಹಿಡಿಯುತ್ತಿದ್ದೆವು’ ಎಂದರೆ ‘ದಾಖಲೆ ಎಲ್ಲಿ’ ಎಂದು ಕೇಳುತ್ತಾರೆ. ಹೊಲಕ್ಕೆ ಪಹಣಿ ಇದೆ. ನಿಮ್ಮ ತೋಟಕ್ಕೂ ಇದೆ. ಕಡಲಿಗೆ ಯಾರು ಪಹಣಿ ಕೊಡುತ್ತಾರೆ? ನಿಮ್ಮಂಥವರು ಬರೆದ ಲೆಕ್ಕವೇ ನಮಗೆ ಪಹಣಿ. ಅದು ಎಲ್ಲೋ ಬೀರುವಿನಲ್ಲಿ ಭದ್ರವಾಗಿದ್ದರೆ ನಮಗೆ ಏನು ಉಪಯೋಗ? ಆ ಸಹಕಾರ ಸಂಘದವರು ಕೇಳಿದ್ದಾರೆ ಎಂದಿರಲ್ಲ, ಐವರಲ್ಲಿ ಅವರನ್ನೇ ಕೊನೆಗೆ ಬರೆದಿರಿ. ಅವರು ಮೊದಲು ಬರಬೇಕು. ಬೇರೆ ಯಾರಿಗೆ ಕೊಡುವ ಮೊದಲು ಆ ದಕ್ಕೆಯ ಲೆಕ್ಕ ಆ ದಕ್ಕೆಗೆ ಹೋಗಬೇಕು, ಕನ್ನಡದಲ್ಲಿ, ಗೋಡೆಗೆ ಅಂಟಿಸುವ ಹಾಗೆ.

ಹಾಗೆಂದು ಸಂಘಕ್ಕೂ ಒಬ್ಬೊಬ್ಬರ ಲೆಕ್ಕ ಕೊಡಬೇಡಿ. ಊರಿನ ಒಳಗೇ ಕಷ್ಟ ಇದೆ. ನಮ್ಮಲ್ಲಿ ಬಲೆಗೆ, ಎಂಜಿನ್‌ಗೆ ಮೀನು ಕೊಳ್ಳುವ ವ್ಯಾಪಾರಿಗಳೇ ಮುಂಗಡ ಕೊಡುತ್ತಾರೆ, ಹಿಡಿದ ಮೀನು ಅವರಿಗೇ ಹಾಕಬೇಕು. ಯಾವ ದಿನ ಯಾರ ದೋಣಿಗೆ ಎಷ್ಟು ಬಿತ್ತು ಎಂದು ಅವರಿಗೆ ಸಿಕ್ಕಿದರೆ ‘ಇಷ್ಟು ಬಿದ್ದಿದೆ, ನಮಗೆ ಇಷ್ಟೇ ಯಾಕೆ ಬಂತು’ ಎಂದು ಜಗಳ. ಸೀಮೆಎಣ್ಣೆ ಸಬ್ಸಿಡಿಗೆ ತೊಂದರೆ ಆಗುತ್ತದೋ ಎಂಬ ಭಯ ಬೇರೆ. ನಿಮ್ಮ ರಫ್ತಿನವರು ದಿನದ ಲೆಕ್ಕ ಕೇಳುವುದೂ ನನಗೆ ಹಿಡಿಸಲಿಲ್ಲ. ಇವತ್ತು ಎಲ್ಲಿ ಜಾಸ್ತಿ ಬಿತ್ತು ಎಂದು ನಾಳೆಯೇ ಗೊತ್ತಾದರೆ ದರ ಯಾರ ಕೈಯಲ್ಲಿರುತ್ತದೆ? ಅದೇ ಲೆಕ್ಕ ಒಂದು ವರ್ಷ ಕಳೆದ ಮೇಲೆ ಕೊಟ್ಟರೆ ಯಾರಿಗೂ ನಷ್ಟ ಇಲ್ಲ.

ಇನ್ನೂ ಒಂದು. ನನ್ನ ಅಮ್ಮ 30 ವರ್ಷ ಬುಟ್ಟಿ ಹೊತ್ತು ಮೀನು ಮಾರಿದವಳು. ಸರ್ವೆಯವರು ಅವಳನ್ನು ಒಂದು ದಿನವೂ ಏನೂ ಕೇಳಲಿಲ್ಲ. ಯಾವ ಮೀನು ಯಾವ ತಿಂಗಳಿಂದ ಕಡಿಮೆಯಾಯಿತು ಎಂದು ಅವಳಷ್ಟು ಸರಿಯಾಗಿ ಹೇಳುವವರು ನಮ್ಮ ಮನೆಯಲ್ಲಿ ಇನ್ನೊಬ್ಬರಿಲ್ಲ. ನಿಯಮದ ಬಗ್ಗೆ ಕೇಳಲು ಹೋದಾಗ ದಡದಲ್ಲಿ ಕೂತ ಹೆಂಗಸರನ್ನೂ ಕೇಳಿ ಅಕ್ಕ.

ಹೊಳೆದಂಡೆ, ವಾಲ್ನೂರು ಕಡೆಯಿಂದ

ಜಾಗದ ಗುರುತಿನ ಬಗ್ಗೆ ಮಾತ್ರ ಹೇಳುತ್ತೇನೆ, ಅದರಲ್ಲಿ ನಾನು ಪೆಟ್ಟು ತಿಂದಿದ್ದೇನೆ.

ನಮ್ಮ ಕಾವೇರಿಯಲ್ಲಿ ಮಹಶೀರ್ ಇದೆ. ಅದರಲ್ಲಿ ಗೂನು ಬೆನ್ನಿನದು, ಕಿತ್ತಳೆ ರೆಕ್ಕೆಯದು, ಕಾವೇರಿ ಮತ್ತು ಅದಕ್ಕೆ ಸೇರುವ ಹೊಳೆಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 2018ರಲ್ಲಿ ಅದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿದ್ದಾರೆ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಮೀನೆಲ್ಲ ಆಳದ ಕಯಗಳಲ್ಲಿ ಸೇರುತ್ತದೆ. ಕಯ ಯಾವುದು ಎಂದು ತಿಳಿದರೆ ಸಿಡಿಮದ್ದು ಹಾಕುವವರಿಗೆ ಒಂದು ರಾತ್ರಿ ಸಾಕು. ಹಾಗಾಗಿ ನಾವು ಕೆಲವರು ಜಾಗ ಬರೆಯದೆ ಬರೀ ಫೋಟೋ ಹಾಕುತ್ತಿದ್ದೆವು. ಒಬ್ಬ ಹುಡುಗ ಬಂದು ತೋರಿಸಿದ, ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋದ ಫೈಲಿನ ಒಳಗೇ ಅಕ್ಷಾಂಶ, ರೇಖಾಂಶ ಕೂತಿರುತ್ತದೆ. ಫೈಲನ್ನು ಹಾಗೇ ಕಳಿಸಿದರೆ ಅದೂ ಜೊತೆಗೆ ಹೋಗುತ್ತದೆ. ಎರಡು ವರ್ಷದ ಫೋಟೋಗಳು! ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನೀವು ಅಳತೆ ಹಲಗೆಯ ಮೇಲೆ ಮೀನಿಟ್ಟು ಫೋಟೋ ತೆಗೆಯುತ್ತೀರಲ್ವಾ? ಹಾಳೆಯಲ್ಲಿ ಎಷ್ಟು ಮುಚ್ಚಿದರೂ ಫೋಟೋ ಹೇಳಿಬಿಡುತ್ತದೆ. ದೋಣಿಯ ನಂಬರ್, ಬಣ್ಣ ಹಿಂದೆ ಕಾಣುತ್ತಿದ್ದರೆ ಅದೂ ಹಾಗೆಯೇ.

ದಶಮಾಂಶದ ಲೆಕ್ಕ ತಿಳಿದುಕೊಂಡರೆ ಒಳ್ಳೆಯದು. ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111 ಕಿಲೋಮೀಟರ್. ದಶಮಾಂಶದ ನಂತರ ಒಂದು ಸ್ಥಾನ ಇಟ್ಟರೆ 11 ಕಿಲೋಮೀಟರ್, ಎರಡಾದರೆ 1.1 ಕಿಲೋಮೀಟರ್, ನಾಲ್ಕಾದರೆ 11 ಮೀಟರ್. ನೀವು ಐದು ಸ್ಥಾನ ಬರೆದಿದ್ದೀರಿ, ಅಂದರೆ ಒಂದು ಮೀಟರ್ ಆಸುಪಾಸು. ಅದು ದೋಣಿಯ ಉದ್ದಕ್ಕಿಂತ ಕಡಿಮೆ. ಯಾವ ಅಧ್ಯಯನಕ್ಕೆ ಅಷ್ಟು ಬೇಕು? ನಾನೀಗ ಹೊರಗೆ ಕೊಡುವುದಕ್ಕೆ ಒಂದು ಸ್ಥಾನ ಮಾತ್ರ ಇಡುತ್ತೇನೆ, ಹೀಗೆ ಕಡಿಮೆ ಮಾಡಿದ್ದೇನೆ ಎಂದು ಪಕ್ಕದ ಕಾಲಂನಲ್ಲಿ ಬರೆಯುತ್ತೇನೆ. ಬರೆಯದಿದ್ದರೆ ಓದುವವರು ಆ ಚುಕ್ಕಿಯನ್ನೇ ನಿಜವಾದ ಜಾಗ ಎಂದುಕೊಳ್ಳುತ್ತಾರೆ.

ಕಡತ, ಮಡಿಕೇರಿ

ನಾನು ಅಂಕಿಅಂಶದ ಕೆಲಸದಲ್ಲೇ ನಿವೃತ್ತನಾದವನು. ಮೊದಲು ಒಂದು ಸಮಾಧಾನದ ಮಾತು ಮೇಡಂ, ನೀವು ಪುಟ ದಾಟದೆ ಕೂತದ್ದು ಒಳ್ಳೆಯದೇ ಆಯಿತು. ಬಹಳ ಜನ ಮಾದರಿ ನಕಲು ಮಾಡಿ ಒಂದೇ ದಿನದಲ್ಲಿ ಮುಗಿಸುತ್ತಾರೆ.

ಕಾನೂನು ಏನು ಹೇಳುತ್ತದೆ ನೋಡಿ. 2012ರಲ್ಲಿ ಕೇಂದ್ರ ಸರ್ಕಾರ ದತ್ತಾಂಶ ಹಂಚಿಕೆಯ ರಾಷ್ಟ್ರೀಯ ನೀತಿ ತಂದಿತು. ಸರ್ಕಾರದ ಹಣದಲ್ಲಿ ಸಂಗ್ರಹಿಸಿದ ಲೆಕ್ಕಕ್ಕೆ ಅದರಲ್ಲಿ ಮೂರು ದರ್ಜೆ. ಎಲ್ಲರಿಗೂ ತೆರೆದದ್ದು, ಹೆಸರು ನೋಂದಾಯಿಸಿದವರಿಗೆ ಮಾತ್ರ, ಅನುಮತಿ ಪಡೆದವರಿಗೆ ಮಾತ್ರ. ನೀವು ಸರ್ಕಾರ ಅಲ್ಲದಿದ್ದರೂ ಈ ಮೂರು ದರ್ಜೆಯ ಚೌಕಟ್ಟು ಸಾಕು, ಹೊಸದು ಹುಡುಕಬೇಕಾಗಿಲ್ಲ. ನಾಪೋಕ್ಲಿನವರು ಹೇಳಿದ ಹಾಗೆ ಪ್ರತಿ ಕಾಲಂಗೂ ಒಂದು ದರ್ಜೆ ಕೊಡಿ.

ಎರಡನೆಯದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಮ್ಮ ದಡದ ಪುಸ್ತಕ ಕಾಗದದಲ್ಲಿ ಇರುವವರೆಗೆ ಅದಕ್ಕೆ ಸೇರುವುದಿಲ್ಲ. ಹೆಸರು, ಫೋನ್ ನಂಬರನ್ನು ಕಂಪ್ಯೂಟರಿಗೆ ಏರಿಸಿದ ಕೂಡಲೇ ಸೇರುತ್ತದೆ. ಸಂಶೋಧನೆಗೂ ಅಂಕಿಅಂಶಕ್ಕೂ ಅದರಲ್ಲಿ ವಿನಾಯಿತಿ ಇದೆ, ಆದರೆ ಆ ಲೆಕ್ಕ ಇಟ್ಟುಕೊಂಡು ಒಬ್ಬ ನಿರ್ದಿಷ್ಟ ವ್ಯಕ್ತಿಯ ಮೇಲೆ ತೀರ್ಮಾನ ಮಾಡಬಾರದು ಎಂಬ ಷರತ್ತಿದೆ. ನಿಮ್ಮ ಇಲಾಖೆ ‘ಎಲ್ಲವೂ ಬೇಕು’ ಎಂದಿದೆಯಲ್ಲ, ಯಾವ ದೋಣಿ ಸಣ್ಣ ಮೀನು ತಂದಿತು ಎಂದು ಹುಡುಕಿ ದಂಡ ಹಾಕಲು ಬಳಸಿದರೆ ಆ ವಿನಾಯಿತಿ ಉಳಿಯುವುದಿಲ್ಲ. ಯಾಕೆ ಬೇಕು ಎಂದು ಬರೆದು ಕೊಡಲು ಹೇಳಿ. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಒಂದರಲ್ಲಾಗಲಿ ಓದುವ ಆಯ್ಕೆ ಇರಬೇಕು ಎಂದೂ ಕಾಯ್ದೆಯಲ್ಲಿದೆ. ಅದರಲ್ಲಿ ಕನ್ನಡ ಇದೆ. ತುಳು, ಕೊಡವ ಇಲ್ಲ. ನೀವು ಬಾಯಿಮಾತಿನಲ್ಲಿ ತುಳುವಿನಲ್ಲೂ ಹೇಳಿ, ಯಾರೂ ಬೇಡ ಎನ್ನುವುದಿಲ್ಲ.

ಹೆಸರು ತೆಗೆದರೆ ಸಾಕು ಎಂದುಕೊಳ್ಳಬೇಡಿ. ಒಂದು ದಕ್ಕೆಯಲ್ಲಿ ಕೈರಂಪಣಿ ಎರಡೇ ಇದ್ದರೆ, ಹೆಸರಿಲ್ಲದಿದ್ದರೂ ಊರಿಗೆಲ್ಲ ಗೊತ್ತು. ಮೂರಕ್ಕಿಂತ ಕಡಿಮೆ ದೋಣಿ ಇರುವ ಯಾವ ಸಾಲನ್ನೂ ಬಿಡಿಯಾಗಿ ಕೊಡಬೇಡಿ, ಪಕ್ಕದ ತಿಂಗಳಿಗೋ ಪಕ್ಕದ ದಕ್ಕೆಗೋ ಸೇರಿಸಿ. ಹಲವು ದೇಶಗಳ ಮೀನುಗಾರಿಕೆ ಇಲಾಖೆಗಳು ಹೀಗೇ ಮಾಡುತ್ತವೆ. ಇಲ್ಲೊಂದು ಬಲೆ ಇದೆ, ಹೊಸಬರು ಬೀಳುತ್ತಾರೆ. ಉದಾಹರಣೆಗೆ ಒಟ್ಟು 840 ಕೆಜಿ ಎಂದು ಕೊಟ್ಟು, ಬೇರೆ ಬಲೆಗಳದ್ದು 610 ಎಂದೂ ಕೊಟ್ಟು, ಕೈರಂಪಣಿಯದನ್ನು ಮಾತ್ರ ಖಾಲಿ ಬಿಟ್ಟರೆ, ಕಳೆದು ನೋಡಿದವರಿಗೆ 230 ಸಿಕ್ಕಿತು. ಒಂದನ್ನು ಮುಚ್ಚಿದರೆ ಇನ್ನೊಂದನ್ನೂ ಮುಚ್ಚಬೇಕು, ಇಲ್ಲವೇ ಒಟ್ಟು ಮೊತ್ತವನ್ನೇ ಬೇರೆ ರೀತಿ ಗುಂಪು ಮಾಡಬೇಕು.

ಜಾಗಕ್ಕೆ ಹೊಳೆದಂಡೆಯವರು ಹೇಳಿದ್ದು ಸರಿ. ಹಿಂದೂ ಮಹಾಸಾಗರದ ಟ್ಯೂನಾ ಆಯೋಗ ಒಂದು ಡಿಗ್ರಿಗೆ ಒಂದು ಡಿಗ್ರಿ, ಉದ್ದ ಗಾಳದ ಹಡಗುಗಳಿಗೆ ಐದು ಡಿಗ್ರಿಗೆ ಐದು ಡಿಗ್ರಿ ಚೌಕ ಮಾಡಿ ತಿಂಗಳಿನ ಲೆಕ್ಕ ತೆರೆದಿಡುತ್ತದೆ, ಒಂದೇ ಹಡಗಿನದ್ದು ಎಂದು ಗುರುತು ಸಿಗದಿದ್ದರೆ ಮಾತ್ರ. ಆ ಅಳತೆಯನ್ನು ನಕಲು ಮಾಡಬೇಡಿ. ಕರ್ನಾಟಕದ ಕರಾವಳಿ 300 ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಒಂದು ಡಿಗ್ರಿಯ ಚೌಕದಲ್ಲಿ ಹಾಕಿದರೆ ಇಡೀ ಕರಾವಳಿ ಮೂರೋ ನಾಲ್ಕೋ ಚೌಕದಲ್ಲಿ ಮುಗಿಯಿತು, ನಿಮ್ಮ ಮೂರು ದಕ್ಕೆಯೂ ಒಂದರಲ್ಲೇ ಇರಬಹುದು. ದಡದ ಹತ್ತಿರ ಹಿಡಿಯುವವರಿಗೆ ಜಾಗಕ್ಕಿಂತ ಆಳ ಮುಖ್ಯ ಅಲ್ಲವೇ? ನಿಮ್ಮ ಹತ್ತಿರ ಮಾರಿನ ಲೆಕ್ಕ ಇದೆ. 5 ಮಾರಿನ ಒಳಗೆ, 5ರಿಂದ 10, 10ರ ಆಚೆ ಎಂದು ಕೊಟ್ಟರೆ ವಿಜ್ಞಾನಿಗೂ ಕೆಲಸ ಆಗುತ್ತದೆ, ಕಲ್ಲೂ ಉಳಿಯುತ್ತದೆ.

ಕೊನೆಗೆ, ಕೊಡಲಾಗದ ಮಾತು ಕೊಡಬೇಡಿ. ‘ಯಾರಿಗೂ ಕೊಡುವುದಿಲ್ಲ’ ಎಂದು ಬರೆದರೆ ನಾಳೆ ಕೋರ್ಟ್ ಆದೇಶ ಬಂದಾಗ ಏನು ಮಾಡುತ್ತೀರಿ? ಇಲಾಖೆಗೆ ಕೊಟ್ಟ ಪ್ರತಿಯನ್ನು ಅಲ್ಲಿಂದ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಇನ್ಯಾರಾದರೂ ಕೇಳಬಹುದು. ಬೇಡದ್ದನ್ನು ಬರೆದುಕೊಳ್ಳದೇ ಇರುವುದೇ ಗಟ್ಟಿ ರಕ್ಷಣೆ. ಕಲ್ಲಿನ ಗುರುತು ನಿಮ್ಮ ಲೆಕ್ಕಕ್ಕೆ ನಿಜವಾಗಿ ಬೇಕಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಕಾಫಿಕಣ, ಸುಂಟಿಕೊಪ್ಪ

ಎಲ್ಲರಿಗೂ ಕೈ ಮುಗಿಯುತ್ತೇನೆ. ಮೂರು ದಿನ ಏನೂ ಬರೆಯಲಿಲ್ಲ, ನಿಮ್ಮ ಮಾತುಗಳನ್ನು ಇಟ್ಟುಕೊಂಡು ಹಾಳೆಯ 41 ಕಾಲಂ ಒಂದೊಂದೇ ನೋಡಿದೆ. ಕಡತ ಸಾರ್ ಕೇಳಿದ ಪ್ರಶ್ನೆಗೆ ಉತ್ತರ, ಕಲ್ಲಿನ ಗುರುತು ನಮ್ಮ ಯಾವ ಲೆಕ್ಕಕ್ಕೂ ಬೇಕಾಗಿರಲಿಲ್ಲ. ನಾಲ್ಕು ವರ್ಷದಲ್ಲಿ ಅದನ್ನು ಬಳಸಿ ಒಂದು ಕೋಷ್ಟಕವನ್ನೂ ಮಾಡಿಲ್ಲ. ಜಿಪಿಎಸ್ ಕೈಯಲ್ಲಿತ್ತು, ಕಾಲಂ ಇತ್ತು, ಬರೆದೆವು, ಅಷ್ಟೇ. ಇದು ಗೊತ್ತಾದಾಗ ಸ್ವಲ್ಪ ಹೊತ್ತು ಕಣದಲ್ಲಿ ಹೋಗಿ ಕೂತೆ.

ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ದಶಕಗಳಿಂದ ಇಡೀ ದೇಶದ ಕರಾವಳಿಯ ಮೀನಿನ ಅಂದಾಜು ಮಾಡುತ್ತಾರೆ. ಅವರ ಕ್ರಮದಲ್ಲಿ ದಕ್ಕೆಯನ್ನೂ ದಿನವನ್ನೂ ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಮೊದಲ ದಿನ ಮಧ್ಯಾಹ್ನ 12ರಿಂದ ಸಂಜೆ 6, ಮರುದಿನ ಬೆಳಗ್ಗೆ 6ರಿಂದ 12 ದಡದಲ್ಲಿ ನಿಂತು ನೋಡುತ್ತಾರೆ, ನಡುವಿನ ರಾತ್ರಿಯದ್ದನ್ನು ಕೇಳಿ ತಿಳಿಯುತ್ತಾರೆ. ದೋಣಿ ಕಡಿಮೆ ಇದ್ದರೆ ಎಲ್ಲವನ್ನೂ, ಜಾಸ್ತಿ ಇದ್ದರೆ ಕೆಲವನ್ನು ಎಣಿಸಿ ಒಟ್ಟು ಅಂದಾಜು ಮಾಡುತ್ತಾರೆ. ಯಾರ ಕಲ್ಲು ಎಲ್ಲಿದೆ ಎಂದು ಗೊತ್ತಿಲ್ಲದೆಯೇ ಇಡೀ ರಾಜ್ಯದ ಬಂಗುಡೆ ಎಷ್ಟು ಎಂದು ಹೇಳಬಹುದು. ಇದು ನನಗೆ ಮೊದಲೇ ಗೊತ್ತಿತ್ತು. ಆದರೂ ಹೊಳೆದಿರಲಿಲ್ಲ.

ಈಗ ಬರೆದದ್ದು ಹೀಗಿದೆ. ಇದು ನಿಯಮದ ಮೊದಲ ಪುಟ. ಬಲೆ ನೇಯುತ್ತಾ ಕೂತವರ ಮುಂದೆ ಗಟ್ಟಿಯಾಗಿ ಓದಬೇಕು ಎಂದು ಹೀಗೆ ಬರೆದಿದ್ದೇನೆ.

‘ನಾವು ಬರೆದುಕೊಳ್ಳುವುದು ಯಾವ ಮೀನು, ಎಷ್ಟು ಕೆಜಿ, ಯಾವ ಬಲೆ, ಎಷ್ಟು ಹೊತ್ತು, ಎಷ್ಟು ಮಾರು ಆಳ. ಎಲ್ಲಿ ಎಂದು ಬರೆದುಕೊಳ್ಳುವುದಿಲ್ಲ. ನಿಮ್ಮ ಹೆಸರು, ದೋಣಿ ನಂಬರ್ ಬೇರೆ ಪುಸ್ತಕದಲ್ಲಿ ಇರುತ್ತದೆ, ಲೆಕ್ಕದ ಹಾಳೆಯಲ್ಲಿ ಒಂದು ಗುರುತಿನ ಸಂಖ್ಯೆ ಮಾತ್ರ. ಆ ಪುಸ್ತಕವನ್ನು ನಾವಾಗಿ ಯಾರಿಗೂ ಕೊಡುವುದಿಲ್ಲ. ಕಾನೂನಿನ ಆದೇಶ ಬಂದರೆ ಮೊದಲು ನಿಮಗೆ ತಿಳಿಸುತ್ತೇವೆ. ಈ ದತ್ತಾಂಶದ ಒಟ್ಟು ಮೊತ್ತ ಮೂರು ತಿಂಗಳಿಗೊಮ್ಮೆ ಇದೇ ದಕ್ಕೆಯ ಗೋಡೆಗೆ ಬರುತ್ತದೆ. ಬೇರೆಯವರಿಗೆ ಒಂದು ವರ್ಷ ಕಳೆದ ಮೇಲೆ. ಮೂರು ದೋಣಿಗಿಂತ ಕಡಿಮೆ ಇರುವುದನ್ನು ಬಿಡಿಯಾಗಿ ಯಾರಿಗೂ ತೋರಿಸುವುದಿಲ್ಲ. ತೆಗೆದುಕೊಂಡವರು ಏನು ಕಂಡುಕೊಂಡರು ಎಂದು ಇಲ್ಲಿಗೇ ಬಂದು ಹೇಳಬೇಕು. ಬೇಡ ಎನಿಸಿದ ದಿನ ನನ್ನದು ತೆಗೆಯಿರಿ ಎಂದು ನೀವು ಹೇಳಬಹುದು.’

ಕಾಲೇಜು ಹುಡುಗಿಗೆ ಉದ್ದ ಮತ್ತು ತೂಕ ಈ ವಾರವೇ ಕೊಡುತ್ತೇನೆ. ಮೀನಿನ ಉದ್ದದಲ್ಲಿ ಯಾರ ಗುಟ್ಟೂ ಇಲ್ಲ, ಆಕೆಯನ್ನು ಇಷ್ಟು ದಿನ ಕಾಯಿಸಿದ್ದೇ ತಪ್ಪು. ಇಲಾಖೆಗೆ ಪತ್ರ ಬರೆದಿದ್ದೇನೆ, ಯಾವ ಕೆಲಸಕ್ಕೆ ಬೇಕು ಎಂದು. ರಫ್ತಿನವರಿಗೆ ಹಳೆಯ ವರ್ಷದ ತಿಂಗಳ ಮೊತ್ತ ಮಾತ್ರ. ನಕ್ಷೆಯ ಗುಂಪಿಗೆ ಆಳದ ಲೆಕ್ಕ ಸಾಕಾ ಎಂದು ಕೇಳಿದ್ದೇನೆ. ಹಳೆಯ ನಕ್ಷೆಯಿಂದ ಚುಕ್ಕಿಗಳನ್ನು ತೆಗೆಯಲು ಆ ಇನ್ನೊಂದು ಗುಂಪಿಗೆ ಮೂರನೇ ಸಲ ಬರೆದೆ, ಈ ಸಲ ತೆಗೆದರು. ಬೇರೆ ಯಾರಾದರೂ ಆಗಲೇ ಇಳಿಸಿಕೊಂಡಿದ್ದರೆ ಅದನ್ನು ವಾಪಸ್ ತರಲು ಆಗುವುದಿಲ್ಲ, ಅದು ಗೊತ್ತು. ಫೋಟೋಗಳನ್ನು ಅಮ್ಮನ ಜೊತೆ ಕೂತು ನೋಡುತ್ತಿದ್ದೇನೆ, ದೋಣಿಯ ನಂಬರ್ ಅವಳ ಕಣ್ಣಿಗೆ ನನಗಿಂತ ಬೇಗ ಬೀಳುತ್ತದೆ.

ಕಡಲಮಗಳು, ಗೋಣಿಕೊಪ್ಪ

ಅಕ್ಕ ಚೆನ್ನಾಗಿದೆ. ಒಂದೇ ಒಂದು ಶಬ್ದ. ‘ದತ್ತಾಂಶ’ ಎಂದರೆ ನಮ್ಮ ದಡದಲ್ಲಿ ಯಾರಿಗೂ ತಿಳಿಯುವುದಿಲ್ಲ. ಅಲ್ಲಿಯೂ ‘ಲೆಕ್ಕ’ ಎಂದೇ ಬರೆಯಿರಿ. ಮತ್ತೆ, ನಾಡದೋಣಿಯವರು ಮಳೆಗಾಲದಲ್ಲೂ ಕಡಲಿಗೆ ಇಳಿಯುತ್ತಾರೆ, ಜೂನ್, ಜುಲೈ 61 ದಿನದ ನಿಷೇಧ ದೊಡ್ಡ ಬೋಟುಗಳಿಗೆ. ಹಾಗಾಗಿ ಇದನ್ನು ಓದಿ ಹೇಳಲು ಹೋಗುವಾಗ, ನಿಷೇಧದ ಸಮಯದಲ್ಲಿ ಎಲ್ಲರೂ ಸಿಗುತ್ತಾರೆ ಎಂದು ನಂಬಿ ಹೋಗಬೇಡಿ. ಕಡಲು ಜೋರಾಗಿರುವ ದಿನ ನೋಡಿ ಹೋಗಿ, ಆಗ ಎಲ್ಲರೂ ದಡದಲ್ಲೇ ಇರುತ್ತಾರೆ.

ಕಾಫಿಕಣ, ಸುಂಟಿಕೊಪ್ಪ

ಬದಲಾಯಿಸಿದೆ ತಂಗಿ. ಜೂನ್ ಎರಡನೇ ವಾರ ಹೋಗುತ್ತೇನೆ, ಮಳೆ ಹಿಡಿದಿರುತ್ತದೆ. ಮಡಿಕೇರಿಯಿಂದ ಬೆಳಗಿನ ಬಸ್ಸು, ಸಂಪಾಜೆ ಘಾಟಿ ಇಳಿದು ಮಂಗಳೂರು, ಅಲ್ಲಿಂದ ಮುಂದೆ. ಆ ಅಣ್ಣನ ಮಗನಿಗೆ ಫೋನ್ ಮಾಡಿದ್ದೆ. ಅಪ್ಪ ಮಾತಾಡುತ್ತಾರೋ ಇಲ್ಲವೋ ಗೊತ್ತಿಲ್ಲ, ನೀವು ಬನ್ನಿ ಎಂದ. ಅವರ ಕಲ್ಲಿನ ಗುರುತು ಇರುವ ನನ್ನ ಮೂಲ ಪುಸ್ತಕ ಇನ್ನೂ ನನ್ನ ಹತ್ತಿರವೇ ಇದೆ. ಅದನ್ನು ಅವರ ಕೈಗೆ ಕೊಟ್ಟು ಬರುತ್ತೇನೆ.